ಬೀರುವಿಗೆ ಎರಡು ಕ್ಲಾಂಪು

ಬೆಂಗಳೂರಿಗೆ ಭೂಕಂಪ ಬರುವುದಿಲ್ಲ. ಇದು ಭೂವಿಜ್ಞಾನಿಗಳ ಮಾತಲ್ಲ, ನಮ್ಮ ಕಚೇರಿಯ ಸೂಪರಿಂಟೆಂಡೆಂಟರದು. ಅವರ ಲೆಕ್ಕದಲ್ಲಿ ಭೂಕಂಪಕ್ಕೂ ಒಂದು ವ್ಯಾಪ್ತಿ ಇದೆ. ಹಿಮಾಲಯದ ತಪ್ಪಲಿನಲ್ಲಿ ಅದು ಕಾಯಂ, ಕಚ್ಛ್‌ನಲ್ಲಿ ಪ್ರಭಾರ, ವಿಂಧ್ಯದಿಂದ ಈಚೆಗೆ ಅದಕ್ಕೆ ಸಹಿ ಮಾಡುವ ಅಧಿಕಾರವೇ ಇಲ್ಲ. "ನಾವು ಎರಡನೇ ವಲಯ ಕಣ್ರೀ, ಸೇಫ್" ಎಂದು ಅವರು ಹೇಳುವಾಗ, ನಟ್ಟೊಂದನ್ನು ಎಂದೋ ಕಳೆದುಕೊಂಡ ಫ್ಯಾನು ಅವರ ನೆತ್ತಿಯ ಮೇಲೆ ಹೌದು ಹೌದು ಎಂದು ತಲೆಯಾಡಿಸುತ್ತಿರುತ್ತದೆ.

ಹಿಂದೆ ದೇಶದ ಭೂಕಂಪ ನಕ್ಷೆಯಲ್ಲಿ ಒಂದನೇ ವಲಯವೂ ಇತ್ತು. ಅಪಾಯ ಇಲ್ಲವೆನ್ನುವಷ್ಟು ಕಡಿಮೆ ಎಂದು ತೀರ್ಮಾನಿಸಿದ ಜಾಗಗಳು ಅದರಲ್ಲಿದ್ದವು. ನಮ್ಮ ಬೀದರಿನ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯೂ ಆ ಪಟ್ಟಿಯಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಸಾವಿರಾರು ಜನರ ಮೇಲೆ ಅವರವರ ಮನೆಯ ಕಲ್ಲು ಮಣ್ಣಿನ ಗೋಡೆಗಳೇ ಉರುಳಿದವು. 2002ರಲ್ಲಿ ನಕ್ಷೆ ತಿದ್ದಿದವರು ಒಂದನೇ ವಲಯವನ್ನೇ ತೆಗೆದುಹಾಕಿದರು. ಆ ನಕ್ಷೆಯಲ್ಲಿ ಎರಡಕ್ಕಿಂತ ಕೆಳಗೆ ಏನೂ ಇಲ್ಲ, ಸೊನ್ನೆಯಂತೂ ಇಲ್ಲವೇ ಇಲ್ಲ. ಮಂಗಳೂರು, ಕಾರವಾರ, ಧಾರವಾಡ, ಬೆಳಗಾವಿಗಳು ಅದರಲ್ಲಿ ಮೂರನೇ ವಲಯ. ಇಷ್ಟನ್ನೂ ವಿವರಿಸಿದ ಮೇಲೆ ಸೂಪರಿಂಟೆಂಡೆಂಟರು ಗಂಭೀರವಾಗಿ ಯೋಚಿಸಿ, "ಹೌದಾ? ಹಾಗಾದ್ರೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನೋಡ್ಕೊಂಡು ಊರು ಆರಿಸ್ಬೇಕು" ಎಂದರು.

ಊರಿಗೆ ಭಯವೇ ಇಲ್ಲ ಎಂದಲ್ಲ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಮೇಲೆ ಢಮಾರ್ ಎಂದು ಒಂದು ಸದ್ದಾಯಿತು. ಕಿಟಕಿ ಬಾಗಿಲು ಅದುರಿದವು. ಆಗ ನಗರದ ಜನ ಮೇಜಿನಡಿ ನುಗ್ಗಲಿಲ್ಲ, ಬಯಲಿಗೂ ಓಡಲಿಲ್ಲ, ಮೊಬೈಲ್ ತೆಗೆದು "ನಿಮ್ಮಲ್ಲೂ ಕೇಳ್ತಾ?" ಎಂದು ಹಾಕಿದರು. ಅದು ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟವೆಂದು ಗೊತ್ತಾದ ಮೇಲೆ ಎಲ್ಲರಿಗೂ ಕೊಂಚ ನಿರಾಸೆಯೇ ಆಯಿತು. ಅದಕ್ಕೂ ಮೊದಲು, 2012ರ ಏಪ್ರಿಲ್ 11ರಂದು ಸುಮಾತ್ರಾದ ಆಚೆ ಸಮುದ್ರದಡಿ 8.6 ತೀವ್ರತೆಯ ಕಂಪನವಾದಾಗ ಇಲ್ಲಿಯ ಕುರ್ಚಿಗಳೂ ಅಲುಗಿ, ಎಷ್ಟೋ ಕಚೇರಿಗಳು ಖಾಲಿಯಾಗಿದ್ದವು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ 2021ರಲ್ಲಿ ಮನೆಯೊಳಗೆ ಮಲಗಲು ಹೆದರಿ ಹೊರಗೆ ಮಲಗಿದರು. ಮರುವರ್ಷ ಕೊಡಗಿನ ಚೆಂಬು ಸುತ್ತಮುತ್ತ ಪಾತ್ರೆ ಪಗಡೆ ಅದುರಿದವು. ಎರಡೂ ಕಡೆಗೆ ಅಧಿಕಾರಿಗಳು ಹೋಗಿ, ಆತಂಕಪಡುವ ಅಗತ್ಯವಿಲ್ಲ ಎಂದು ಹೇಳಿ, ಕತ್ತಲಾಗುವ ಮುಂಚೆ ಊರು ಬಿಟ್ಟರು. ಗೌರಿಬಿದನೂರಿನಲ್ಲಿ 1960ರ ದಶಕದಿಂದಲೂ ಒಂದು ಕಂಪನ ಕೇಂದ್ರವಿದೆ. ದೂರದ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿಸಿದರೂ ಅಲ್ಲಿಯ ಯಂತ್ರಗಳಿಗೆ ಗೊತ್ತಾಗುತ್ತದೆ. ನಮ್ಮ ಕಚೇರಿಯಲ್ಲಿ ಸಾಹೇಬರು ಕರೆಗಂಟೆ ಒತ್ತಿದರೆ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ.

ಹೀಗಿರುವಾಗ ಮೇಲಿನಿಂದ ಸುತ್ತೋಲೆ ಬಂತು. ವಿಷಯ: ಕೆಲಸದ ಸ್ಥಳದಲ್ಲಿ ಭೂಕಂಪ ಸುರಕ್ಷತೆ. ಉಲ್ಲೇಖ: ವಿಪತ್ತು ನಿರ್ವಹಣಾ ಅಧಿನಿಯಮ, 2005. ಪ್ರತಿ ಕಚೇರಿಯೂ ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ, ಅಪಾಯಗಳನ್ನು ಗುರುತಿಸಿ, ನಿವಾರಿಸಿ, ಮೂರು ದಿನದೊಳಗೆ ವರದಿ ಕಳಿಸತಕ್ಕದ್ದು. ಸುತ್ತೋಲೆ ನಮ್ಮನ್ನು ತಲುಪುವ ಹೊತ್ತಿಗೆ ಮೂರು ತಿಂಗಳಾಗಿತ್ತಾದ್ದರಿಂದ ವಿಳಂಬಕ್ಕೆ ಕಾರಣ ಕೇಳುವ ನೋಟಿಸೂ ಅದರ ಜೊತೆಯಲ್ಲೇ ಬಂತು. ನಾನು ಆಗಲೇ ಯೋಗ ದಿನಕ್ಕೆ, ಮತದಾರರ ಜಾಗೃತಿಗೆ, ಪ್ಲಾಸ್ಟಿಕ್ ನಿಷೇಧಕ್ಕೆ ನೋಡಲ್ ಅಧಿಕಾರಿ. ಭೂಕಂಪವನ್ನೂ ನನ್ನ ಹೆಗಲಿಗೆ ಹಾಕಿದರು. "ಇದರಲ್ಲಿ ಏನೂ ಕೆಲಸ ಇರಲ್ಲ ಬಿಡ್ರೀ" ಎಂದು ಸೂಪರಿಂಟೆಂಡೆಂಟರು ಧೈರ್ಯ ಹೇಳಿದರು.

ಅಪಾಯ ಗುರುತಿಸಲು ಹೊರಗೆ ಹೋಗಬೇಕಾಗಲಿಲ್ಲ, ಕೂತಲ್ಲಿಂದ ಕತ್ತೆತ್ತಿದರೆ ಸಾಕಿತ್ತು. ನೆಲ ನಡುಗಿದಾಗ ಕಟ್ಟಡ ಬೀಳಲೇಬೇಕು ಅಂತೇನಿಲ್ಲ. ಕಟ್ಟಡ ಅಲ್ಲಾಡಿ ನಿಂತರೂ ಒಳಗಿನ ಬೀರು, ಫ್ಯಾನು, ಗಾಜು, ಫಾಲ್ಸ್ ಸೀಲಿಂಗು ಬಿದ್ದು ಜನರ ತಲೆ ಒಡೆಯುತ್ತದೆ. ಎತ್ತರ ಹೆಚ್ಚು, ಬುಡ ಕಿರಿದು ಇರುವ ವಸ್ತು ಮೊದಲು ಮಗುಚುತ್ತದೆ. ಮೇಲೆ ಭಾರ ಹೇರಿದ್ದರೆ ಇನ್ನೂ ಬೇಗ. ನಮ್ಮಲ್ಲಿ ಏಳು ಉಕ್ಕಿನ ಬೀರುಗಳಿವೆ. ಪ್ರತಿಯೊಂದರ ನೆತ್ತಿಯ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಹಳೇ ಕಡತಗಳ ಗಂಟು, ಒಂದರ ಗಂಟಿನ ಮೇಲೆ ವಿಲೇವಾರಿ ಆದೇಶಕ್ಕಾಗಿ ಕಾಯುತ್ತಿರುವ ಡಬ್ಬದಂಥ ಹಳೇ ಮಾನಿಟರು, ಅದರ ಮೇಲೆ ಅಂತರ ಇಲಾಖಾ ಕಬಡ್ಡಿಯಲ್ಲಿ ಗೆದ್ದ ಕಪ್ಪು. ಇವೆಲ್ಲದರ ಕೆಳಗೆ ಎಸ್‌ಡಿಎ ಮೇಡಂ. ಆ ಜಾಗದಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ಅವರು ಜಗಳವಾಡಿ ಪಡೆದುಕೊಂಡಿದ್ದರು.

ಕೈಪಿಡಿಗಳು ಹೇಳುವ ಇನ್ನೊಂದು ಉಪಾಯ ಸುಲಭದ್ದು. ನಡುಗುವಾಗ ಓಡಬೇಡಿ, ಗಟ್ಟಿ ಮೇಜಿನ ಕೆಳಗೆ ಸೇರಿ, ತಲೆ ಕತ್ತು ಮುಚ್ಚಿಕೊಂಡು ಮೇಜಿನ ಕಾಲು ಹಿಡಿದುಕೊಳ್ಳಿ, ನಿಂತ ಮೇಲೆ ಹೊರಗೆ ಬನ್ನಿ. ಒಂದು ಮಧ್ಯಾಹ್ನ ಎಲ್ಲರ ಮೇಜಿನ ಕೆಳಗೂ ಬಗ್ಗಿ ನೋಡಿದೆ. 1987ರ ಕಡತಗಳು, ಸಿಪಿಯು, ಊಟದ ಬುತ್ತಿ, ಮನೆಗೆ ಒಯ್ಯಲಿರುವ ತೊಂಡೆಕಾಯಿ, ಸಂಜೆ ವಾಕಿಂಗಿಗೆ ಬೇಕಾದ ಬೂಟು. ಮನುಷ್ಯ ನುಗ್ಗುವ ಜಾಗವಿದ್ದದ್ದು ಸಾಹೇಬರ ತೇಗದ ಮೇಜಿನ ಕೆಳಗೆ ಮಾತ್ರ. ಅಲ್ಲಿ ಆರಾಮಾಗಿ ನಾಲ್ಕು ಜನ ಹಿಡಿಸುತ್ತಾರೆ. ಆದರೆ ಯಾರು ಆ ನಾಲ್ವರು? ಜ್ಯೇಷ್ಠತಾ ಪಟ್ಟಿಯ ಪ್ರಕಾರವೋ, ಮೀಸಲಾತಿಯ ರೋಸ್ಟರ್ ಪ್ರಕಾರವೋ? ನಿಯೋಜನೆಯ ಮೇಲೆ ಬಂದವರಿಗೆ ಅರ್ಹತೆ ಇದೆಯೋ? ಹೊರಗುತ್ತಿಗೆಯ ಡಾಟಾ ಎಂಟ್ರಿ ಹುಡುಗ "ನಾನು ಬಾಗಿಲ ಹತ್ರಾನೇ ಇರ್ತೀನಿ ಬಿಡಿ ಸಾರ್" ಎಂದು ತನ್ನ ಪಾಲನ್ನು ತಾನೇ ಬಿಟ್ಟುಕೊಟ್ಟ. ಅವನಿಗೆ ಅಭ್ಯಾಸವಿದೆ.

ಬೀರುಗಳಿಗಾದರೂ ಒಂದು ದಾರಿ ಮಾಡೋಣ ಎಂದು ಟಿಪ್ಪಣಿ ಮಂಡಿಸಿದೆ: ಏಳು ಬೀರುಗಳನ್ನು ಹಿಂದಿನ ಗೋಡೆಗೆ ತಲಾ ಎರಡು ಎಲ್ ಕ್ಲಾಂಪುಗಳಿಂದ ಬಿಗಿಯಬಹುದು, ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಲಾಂಪು, ಸ್ಕ್ರೂ ಸಿಗುತ್ತವೆ, ಕಾರ್ಪೆಂಟರಿಗೆ ಅರ್ಧ ದಿನದ ಕೆಲಸ, ಆದೇಶಕ್ಕಾಗಿ. ಸೂಪರಿಂಟೆಂಡೆಂಟರು ಅಂಚಿನಲ್ಲಿ "ಚರ್ಚಿಸಿ" ಎಂದು ಬರೆದರು. ಅವರು ನನ್ನಿಂದ ಮೂರಡಿ ದೂರದಲ್ಲಿ ಕೂರುತ್ತಾರೆ. ಚರ್ಚೆಗೆ ದಿನ ಗೊತ್ತಾಗಲು ಹದಿನೈದು ದಿನ ಹಿಡಿಯಿತು.

"ಗೋಡೆ ಯಾರದ್ರೀ?"

"ನಮ್ಮದೇ ಅಲ್ವಾ ಸಾರ್?"

"ಗೋಡೆ ಲೋಕೋಪಯೋಗಿ ಇಲಾಖೆದು. ನಮ್ಮದು ಒಳಗಿನ ಗಾಳಿ ಮಾತ್ರ. ತೂತು ಹೊಡೆದ್ರೆ ಸರ್ಕಾರಿ ಆಸ್ತಿಗೆ ಹಾನಿ. ಬೀರು ಯಾರದು?"

ಸ್ಟಾಕ್ ರಿಜಿಸ್ಟರ್ ತೆಗೆದು ನೋಡಿದರೆ ಏಳರಲ್ಲಿ ಎರಡು ಬೀರುಗಳು 1998ರಲ್ಲಿ ಇಲ್ಲಿಂದ ಬೇರೆ ಕಟ್ಟಡಕ್ಕೆ ಹೋದ ಇನ್ನೊಂದು ಇಲಾಖೆಯವು. ಕೀಲಿ ಅವರ ಹತ್ತಿರ. ಒಳಗೇನಿದೆಯೋ ಯಾರಿಗೂ ಗೊತ್ತಿಲ್ಲ. ಅವನ್ನು ಬಿಗಿಯಲು ಅವರ ನಿರಾಕ್ಷೇಪಣಾ ಪತ್ರ ಬೇಕು.

ಕಡತ ಲೆಕ್ಕ ಶಾಖೆಗೆ ಹೋಯಿತು. ಅಲ್ಲಿ ಎದ್ದದ್ದು ತತ್ತ್ವದ ಪ್ರಶ್ನೆ. ಕ್ಲಾಂಪನ್ನು ಬೀರುವಿಗೆ ಹಾಕಿದರೆ ಅದು ಪೀಠೋಪಕರಣ. ಗೋಡೆಗೆ ಹಾಕಿದರೆ ಕಟ್ಟಡ ನಿರ್ವಹಣೆ. ಎರಡಕ್ಕೂ ತಗುಲಿಕೊಂಡಿರುವ ವಸ್ತುವಿನ ಖರ್ಚನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕುವುದು? ಬೀರುವಿನ ಕಡೆಯ ಸ್ಕ್ರೂಗಳನ್ನು ಒಂದು ಬಿಲ್ಲಿನಲ್ಲಿ, ಗೋಡೆಯ ಕಡೆಯ ಸ್ಕ್ರೂಗಳನ್ನು ಮತ್ತೊಂದರಲ್ಲಿ ಪಡೆಯಬಹುದೆಂದು ಅವರೇ ಒಂದು ಪರಿಹಾರ ಸೂಚಿಸಿದರು. ಹಾರ್ಡ್‌ವೇರ್ ಅಂಗಡಿಯವನು ಮಾತ್ರ ಒಪ್ಪಲಿಲ್ಲ.

ಲೋಕೋಪಯೋಗಿಯಿಂದ ಎಂಜಿನಿಯರರು ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಮೂರು ಫೋಟೊ ತೆಗೆದುಕೊಂಡು ಹೋದರು. ವರದಿಯಲ್ಲಿ ಬರೆದಿದ್ದರು: ಇದು ಹಳೆಯ ಇಟ್ಟಿಗೆ ಗೋಡೆಯಾದ್ದರಿಂದ ಹದಿನಾಲ್ಕು ತೂತುಗಳನ್ನು ತಾಳಿಕೊಳ್ಳುವ ಬಗ್ಗೆ ಖಾತ್ರಿ ನೀಡಲಾಗದು. ಸ್ಕ್ರೂ ತಾಳದ ಗೋಡೆ ಭೂಕಂಪವನ್ನು ತಾಳೀತೇ ಎಂದು ಸ್ಪಷ್ಟೀಕರಣ ಕೋರಿ ಬರೆದೆ. "ಸದರಿ ಅಂಶವು ಪ್ರಸ್ತಾವನೆಯ ವ್ಯಾಪ್ತಿಗೆ ಒಳಪಡುವುದಿಲ್ಲ" ಎಂಬ ಉತ್ತರ ಬೇಗನೆ ಬಂತು. ಈ ಇಡೀ ವ್ಯವಹಾರದಲ್ಲಿ ಬೇಗ ಬಂದ ಉತ್ತರ ಅದೊಂದೇ.

ಕಡತ ಹೀಗೆ ಓಡಾಡುತ್ತಿರಲಿ. ಖಾಸಗಿಯವರು ಏನು ಮಾಡುತ್ತಾರೆ ನೋಡೋಣ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳ ಕಂಪನಿಯಲ್ಲಿ ವರ್ಷಕ್ಕೆರಡು ಸಲ ಅಣಕು ಪ್ರದರ್ಶನವಾಗುತ್ತದೆ. ಭೂಕಂಪದ ದಿನ, ಗಂಟೆ, ಅವಧಿ ಎಲ್ಲವೂ ಎರಡು ವಾರ ಮೊದಲೇ ಕ್ಯಾಲೆಂಡರಿನಲ್ಲಿ ಬರುತ್ತದೆ. ಬರುತ್ತೇನೆ, ಬರುವುದಿಲ್ಲ, ಬರಬಹುದು ಎಂದು ಒತ್ತುವ ಸೌಲಭ್ಯವಿದೆ. ಅಮೆರಿಕದ ಗಿರಾಕಿಯೊಡನೆ ಮಾತಿನಲ್ಲಿರುವವರಿಗೆ ಭೂಕಂಪದಿಂದ ವಿನಾಯಿತಿ. ಸೈರನ್ ಕೂಗಿದ ಕೂಡಲೇ ಎಲ್ಲರೂ ಲ್ಯಾಪ್‌ಟಾಪ್ ಅಪ್ಪಿಕೊಂಡು ಮೆಟ್ಟಿಲಿಳಿದು ಓಡುತ್ತಾರೆ.

"ಓಡಬಾರದು ಅಲ್ವೇನೇ? ನಡುಗುವಾಗ ಮೇಜಿನ ಕೆಳಗೆ ಇರ್ಬೇಕು" ಎಂದೆ.

"ಮಾಮ, ಅದು ಬೆಂಕಿ ಡ್ರಿಲ್ಲೇ. ಭೂಕಂಪಕ್ಕೂ ಅದನ್ನೇ ಲೆಕ್ಕಕ್ಕೆ ತಗೋತಾರೆ. ಚೆಕ್‌ಲಿಸ್ಟಲ್ಲಿ ಬೆಂಕಿ ಅಂತ ಇದೆ, ಅದರ ಕೆಳಗೆ ಭೂಕಂಪ ಅಂತ ಇದೆ. ಮುಂದೆ 'ಮೇಲಿನಂತೆ' ಅಂತ ಬರೀತಾರೆ."

ಹೀಗೆ ನಾಲ್ಕು ಸಾವಿರ ಜನ, ಮಾಡಬಾರದ್ದನ್ನು ವರ್ಷಕ್ಕೆರಡು ಸಲ ಶಿಸ್ತಾಗಿ ಕಲಿಯುತ್ತಾರೆ. ಓಡಿಬಂದವರು ಸೇರಬೇಕಾದ ಹಸಿರು ಫಲಕವನ್ನು ನೆಟ್ಟಿರುವುದು ಹದಿಮೂರು ಅಂತಸ್ತಿನ ಗಾಜಿನ ಗೋಡೆಯ ಬುಡದಲ್ಲಿ, ಏಕೆಂದರೆ ಬಯಲು ಜಾಗ ನಿರ್ದೇಶಕರ ಕಾರುಗಳಿಗೆ ಮೀಸಲು. ಮಾನವ ಸಂಪನ್ಮೂಲ ವಿಭಾಗದ ಇಬ್ಬರು ಗಾಯಾಳುಗಳಾಗಿ ಸ್ಟ್ರೆಚರಿನ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕಟ್ಟಡ ಖಾಲಿಯಾಗಲು ಹಿಡಿದ ಸಮಯ ಕಳೆದ ಸಲಕ್ಕಿಂತ ಕಡಿಮೆಯಾದರೆ ಕೇಕು ಬರುತ್ತದೆ. ಕಂಪನಿಯ ದತ್ತಾಂಶಕ್ಕೆ ಮೂರು ಊರುಗಳಲ್ಲಿ ನಕಲು ಇಟ್ಟಿದ್ದಾರಂತೆ, ಒಂದು ಊರು ನೆಲಸಮವಾದರೂ ಒಂದಕ್ಷರ ಹೋಗುವುದಿಲ್ಲ. ಅಕ್ಕನ ಮಗಳು ಒಬ್ಬಳೇ.

ತುರ್ತು ಮೆಟ್ಟಿಲುಗಳ ಕಥೆಯನ್ನು ಈ ಊರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಜನ ಸತ್ತಾಗ, ಪಾರಾಗುವ ದಾರಿಗಳಿಗೆ ಬೀಗ ಬಿದ್ದಿತ್ತೆಂದು ಎಲ್ಲ ಪತ್ರಿಕೆಗಳೂ ಬರೆದವು. ಈಗ ಯಾರೂ ಬೀಗ ಹಾಕುವುದಿಲ್ಲ. ಹೂಕುಂಡ ಇಡುತ್ತಾರೆ.

ಬೇರೆ ಕಡೆಯವರ ಅವಸ್ಥೆಯೂ ವಿಚಿತ್ರವೇ. ಮೆಕ್ಸಿಕೊದಲ್ಲಿ 1985ರ ಸೆಪ್ಟೆಂಬರ್ 19ರ ಮಹಾ ಭೂಕಂಪದ ನೆನಪಿಗೆ ಪ್ರತಿವರ್ಷ ಅದೇ ದಿನ ದೊಡ್ಡ ಅಣಕು ಪ್ರದರ್ಶನ. 2017ರಲ್ಲಿ ಬೆಳಿಗ್ಗೆ 11 ಗಂಟೆಗೆ ಅದನ್ನು ಮುಗಿಸಿ ಎಲ್ಲರೂ ಕೆಲಸಕ್ಕೆ ಕೂತಿದ್ದರು, ಮಧ್ಯಾಹ್ನ 1 ಗಂಟೆ 14 ನಿಮಿಷಕ್ಕೆ ನಿಜವಾದದ್ದೇ ಬಂತು. 2022ರಲ್ಲಿ ಪ್ರದರ್ಶನ ಮುಗಿದು ಒಂದು ಗಂಟೆಯೂ ಆಗಿರಲಿಲ್ಲ, ಮತ್ತೆ ಬಂತು. ಅವರು ಅಭ್ಯಾಸ ಬಿಡಲಿಲ್ಲ. ನಮ್ಮಲ್ಲಾಗಿದ್ದರೆ ಸದನ ಸಮಿತಿ ರಚಿಸಿ, ಅಣಕು ಪ್ರದರ್ಶನವೇ ಭೂಕಂಪಕ್ಕೆ ಕಾರಣವೆಂದು ಕಂಡುಹಿಡಿದು ನಿಷೇಧಿಸುತ್ತಿದ್ದೆವು. ಟೋಕಿಯೊದವರದು ಇನ್ನೊಂದು ಹುಚ್ಚು. 2011ರ ಮಾರ್ಚ್ 11ರ ಭೂಕಂಪಕ್ಕೆ ರೈಲು ನಿಂತು ಲಕ್ಷಾಂತರ ನೌಕರರು ಮನೆ ಸೇರಲಾಗದೆ ಬೀದಿಯಲ್ಲಿ ಉಳಿದದ್ದನ್ನು ನೋಡಿ, 2013ರಿಂದ ಒಂದು ನಿಯಮ ತಂದರು: ದೊಡ್ಡ ಭೂಕಂಪವಾದರೆ ಕಚೇರಿಗಳು ನೌಕರರನ್ನು ಒಮ್ಮೆಗೇ ರಸ್ತೆಗೆ ಬಿಡದೆ ಒಳಗೇ ಉಳಿಸಿಕೊಳ್ಳಬೇಕು, ತಲೆಗೆ ಮೂರು ದಿನದ ಊಟ, 9 ಲೀಟರ್ ನೀರು, ಕಂಬಳಿ ಇಟ್ಟಿರಬೇಕು. ನಮ್ಮ ಕಚೇರಿಯ ನೀರಿನ ಕ್ಯಾನು ಮಧ್ಯಾಹ್ನ ಮೂರಕ್ಕೆ ಬರಿದಾಗುತ್ತದೆ, ಯಾವ ಕಂಪನವೂ ಇಲ್ಲದೆ. ಮೂರು ದಿನ ಕಚೇರಿಯಲ್ಲೇ ಇರಬೇಕಾದೀತು ಎಂದು ಕೇಳಿ ಎಸ್‌ಡಿಎ ಮೇಡಂ ಕೇಳಿದ್ದು ಒಂದೇ: "ಪರಿಹಾರ ರಜೆ ಸಿಗುತ್ತಾ?"

ಇಷ್ಟೆಲ್ಲ ಮಾತು ಕಟ್ಟಡ ನಿಂತಿರುತ್ತದೆ ಎಂಬ ಭರವಸೆಯ ಮೇಲೆ. ನಮ್ಮ ಊರುಗಳ ವಾಣಿಜ್ಯ ಕಟ್ಟಡಗಳನ್ನು ನೋಡಿ. ಕೆಳಗೆ ಕಾರಿಗೆ ಜಾಗ ಬೇಕೆಂದು ಗೋಡೆಯೇ ಇಲ್ಲದ ಬರೀ ಕಂಬಗಳು, ಮೇಲೆ ನಾಲ್ಕಂತಸ್ತಿಗೆ ಅನುಮತಿ ಪಡೆದ ಆರಂತಸ್ತು. 2001ರ ಜನವರಿ 26ರಂದು ಭುಜ್ ಬಳಿ ನೆಲ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ನೆಲಕಚ್ಚಿದ ಬಹುಮಹಡಿಗಳಲ್ಲಿ ಹಲವು ಇದೇ ಜಾತಿಯವು. ಭೂಕಂಪ ತಾಳಬೇಕಾದ ಕಂಬದಲ್ಲಿ ಕಂಬಿಗಳನ್ನು ಸುತ್ತುವ ರಿಂಗಿನ ತುದಿಯನ್ನು 135 ಡಿಗ್ರಿಯಷ್ಟು ಒಳಕ್ಕೆ ಮಡಿಸಬೇಕೆಂದು ಭಾರತೀಯ ಮಾನಕವಿದೆ. ಮಡಿಸದಿದ್ದರೆ ಅಲ್ಲಾಡುವಾಗ ರಿಂಗು ಬಿಚ್ಚಿಕೊಂಡು ಕಂಬಿಗಳು ಹೊರಕ್ಕೆ ಉಬ್ಬುತ್ತವೆ. ಇದನ್ನು ಒಬ್ಬ ಮೇಸ್ತ್ರಿಗೆ ಹೇಳಿದೆ. "ತೊಂಬತ್ತಕ್ಕೇ ನಿಲ್ಲಿಸ್ತೀವಿ ಸಾರ್, ಕೈ ನೋವು ಬರುತ್ತೆ. ಕಾಂಕ್ರೀಟ್ ಬಿದ್ದ ಮೇಲೆ ಯಾರ್ ನೋಡ್ತಾರೆ?" ಎಂದ. ನೋಡುವವರು ಅಕ್ರಮ ಸಕ್ರಮದ ಅರ್ಜಿ ಬರಲೆಂದು ಕಾಯುತ್ತಿದ್ದಾರೆ. ದಂಡ ಕಟ್ಟಿದ ರಸೀದಿಯನ್ನು ಕಂಬಕ್ಕೆ ಅಂಟಿಸಿದರೆ ಅದು ಎಷ್ಟು ಟನ್ ಹೊರುತ್ತದೆಂದು ಯಾವ ಮಾನಕದಲ್ಲೂ ಇಲ್ಲ.

ಆದರೂ ಭೂಕಂಪವನ್ನು ಸುಮ್ಮನೆ ದೂರಬಾರದು. ನಮ್ಮ ಕಟ್ಟಡಗಳು ಅಷ್ಟೇನೂ ಪರಾವಲಂಬಿಗಳಲ್ಲ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೊಂದು ತಾನಾಗಿಯೇ ಕುಸಿದು 19 ಜನ ಸತ್ತರು. ಅಂದು ಯಾವ ಮಾಪಕದ ಮುಳ್ಳೂ ಅಲುಗಿರಲಿಲ್ಲ. ಕಟ್ಟಡ ಕಟ್ಟುವವನಿಗೆ ಆ ಕಟ್ಟಡವೇ ಕೆಲಸದ ಸ್ಥಳ. ಅವನ ಹೆಸರು ಯಾವ ಅಣಕು ಪ್ರದರ್ಶನದ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಢಾಕಾದ ಬಳಿಯ ರಾಣಾ ಪ್ಲಾಜಾದಲ್ಲಿ 2013ರ ಏಪ್ರಿಲ್ 23ರಂದು ಗೋಡೆ ಕಂಬಗಳಲ್ಲಿ ಬಿರುಕು ಕಾಣಿಸಿತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನವರಿಗೆ ನಾಳೆ ಬರಬೇಡಿ ಎಂದಿತು. ಮೇಲಿನ ಮಹಡಿಗಳಲ್ಲಿ ಬಟ್ಟೆ ಹೊಲಿಯುವವರಿಗೆ ಮಾತ್ರ, ಬರದಿದ್ದರೆ ಸಂಬಳ ಹಿಡಿಯುತ್ತೇವೆ ಎಂಬ ಬೆದರಿಕೆ ಹೋಯಿತು. ಬಂದರು. ಕಟ್ಟಡ ಕುಸಿದು ಸತ್ತವರು 1,100ಕ್ಕೂ ಹೆಚ್ಚು. ಬಿರುಕು ಎಲ್ಲರಿಗೂ ಕಂಡಿತ್ತು, ಎದ್ದು ಹೋಗುವ ಅಧಿಕಾರ ಕೆಲವರಿಗಷ್ಟೇ ಇತ್ತು. ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ನಲ್ಲಿ ಶೌಚಕ್ಕೆ ಹೋಗಲೂ ಸೂಪರ್‌ವೈಸರ್ ಮುಖ ನೋಡುವ ಹೆಣ್ಣುಮಗಳು, ಯಂತ್ರ ಅಲ್ಲಾಡಿದಾಗ ಗಂಟೆಯ ಟಾರ್ಗೆಟ್ ಬಿಟ್ಟು ಮೇಜಿನಡಿ ಕೂರಬಹುದೇ? ಈ ಪ್ರಶ್ನೆಗೆ ಸುತ್ತೋಲೆಯ ನಮೂನೆಯಲ್ಲಿ ಅಂಕಣವಿರಲಿಲ್ಲ. "ಇತರೆ" ಎಂಬಲ್ಲಿ ಬರೆದೆ. "ಅನ್ವಯಿಸುವುದಿಲ್ಲ" ಎಂದು ತಿದ್ದಿಸಿಕೊಂಡರು.

ಕಡತದ ವಿಚಾರ ಮರೆತಿಲ್ಲ. ಎರಡು ವರ್ಷಕ್ಕೆ ಅದು ಫಲ ಕೊಟ್ಟಿತು. ಕ್ಲಾಂಪುಗಳ ಪ್ರಸ್ತಾವನೆ ಹೋಗುತ್ತಾ ಹೋಗುತ್ತಾ "ಕಚೇರಿಯ ಸಮಗ್ರ ಭೂಕಂಪ ಸುರಕ್ಷತಾ ಕಾಮಗಾರಿ" ಆಗಿ, 4.85 ಲಕ್ಷ ರೂಪಾಯಿಯ ಅಂದಾಜು ಪಟ್ಟಿಯಾಗಿ, ಟೆಂಡರಿಲ್ಲದೆ ಒಂದು ಏಜೆನ್ಸಿಯ ಕೈ ಸೇರಿ ಮುಗಿಯಿತು. ಗೋಡೆಗೆ ಬಣ್ಣ ಬಂತು. ಬಾಗಿಲಲ್ಲಿ ಉದ್ಘಾಟಕರ ಹೆಸರಿರುವ ಗ್ರಾನೈಟ್ ಕಲ್ಲು ಬಂತು, ಅದನ್ನು ಮಾತ್ರ ಎಂಟು ಬೋಲ್ಟ್ ಹಾಕಿ ಭದ್ರವಾಗಿ ಬಿಗಿದಿದ್ದಾರೆ. ಹದಿನಾಲ್ಕು ಕ್ಲಾಂಪುಗಳೂ ಬಂದವು. ಅವನ್ನು ಕೂರಿಸುವ ಕೂಲಿ ಅಂದಾಜು ಪಟ್ಟಿಯಲ್ಲಿ ಬಿಟ್ಟುಹೋಗಿದ್ದರಿಂದ, ದಾಸ್ತಾನು ಪುಸ್ತಕದಲ್ಲಿ ಬರೆದುಕೊಂಡು ಪೆಟ್ಟಿಗೆಯಲ್ಲಿಟ್ಟು ಬೀರುವಿನ ಮೇಲೆ, ಕಬಡ್ಡಿ ಕಪ್ಪಿನ ಪಕ್ಕದಲ್ಲಿ ಇಡಲಾಗಿದೆ.

ಮೊನ್ನೆ ಆಡಿಟ್‌ನವರು ಬಂದು ಕಂಡಿಕೆ ಬರೆದರು: ವರದಿ ವರ್ಷದಲ್ಲಿ ಕಚೇರಿಯ ವ್ಯಾಪ್ತಿಯಲ್ಲಿ ಯಾವುದೇ ಭೂಕಂಪ ಸಂಭವಿಸಿರುವುದು ದಾಖಲೆಗಳಿಂದ ಕಂಡುಬಂದಿಲ್ಲ, ಆದ್ದರಿಂದ 4.85 ಲಕ್ಷ ರೂಪಾಯಿ ನಿಷ್ಫಲ ವೆಚ್ಚವಾಗಿದ್ದು, ಸಂಬಂಧಪಟ್ಟ ನೋಡಲ್ ಅಧಿಕಾರಿಯಿಂದ ಏಕೆ ವಸೂಲಿ ಮಾಡಬಾರದು? ನನ್ನ ಕೈಕಾಲು ತಣ್ಣಗಾಯಿತು. ಸೂಪರಿಂಟೆಂಡೆಂಟರು ಮಾತ್ರ ಅಲುಗಲಿಲ್ಲ. ಕನ್ನಡಕ ಒರೆಸಿಕೊಂಡು ಉತ್ತರ ಹೇಳಿ ಬರೆಸಿದರು: "ಸದರಿ ಭೂಕಂಪವು ನಿರೀಕ್ಷಣೆಯಲ್ಲಿದ್ದು, ಸಂಭವಿಸಿದ ಕೂಡಲೇ ಬಳಕೆ ಪ್ರಮಾಣಪತ್ರದೊಂದಿಗೆ ಅನುಪಾಲನಾ ವರದಿಯನ್ನು ಸಲ್ಲಿಸಲಾಗುವುದು." ಓದಿ ನೋಡಿ, ಏನೋ ಕೊರತೆ ಕಂಡು, ಪೆನ್ನು ಎತ್ತಿದರು.

"ಮಾರ್ಚ್ 31ರ ಒಳಗೆ ಅಂತ ಸೇರಿಸ್ರೀ."